ತೂಕ ಇಳಿಸುವ ಆಪರೇಷನ್ ಆದ ಮೇಲೆ: ಮನೆಯಲ್ಲಿ ಕಲಿಯುವ ಹೊಸ ಬದುಕು

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ದಪ್ಪ ಇರುವುದು ಸಾಹುಕಾರರ ಮನೆಯವರ ಸಮಸ್ಯೆ ಎಂದು ನಾವು ಬಹಳ ದಿನ ಅಂದುಕೊಂಡಿದ್ದೆವು. ಆ ಕಾಲ ಹೋಯಿತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 23 ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. 2019-21ರ ಸಮೀಕ್ಷೆಯಲ್ಲಿ ಅದು 30ಕ್ಕೆ ಏರಿತು. ಗಂಡಸರದ್ದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಅಥಣಿ ಕಡೆಗೇ ನೋಡಿರಿ. ಸುತ್ತ ಕಬ್ಬು, ಮನೆಯಲ್ಲಿ ಬೆಲ್ಲ, ದಿನಕ್ಕೆ ನಾಲ್ಕು ಸಲ ಸಿಹಿ ಚಹಾ. ಚಪ್ಪಲಿ ಹೊಲಿಯುವವರು, ಹೊಲಿಗೆ ಯಂತ್ರದ ಮುಂದೆ ಕೂಡುವವರು ಮುಂಜಾನೆಯಿಂದ ಸಂಜೆತನಕ ಕುಳಿತೇ ಇರುತ್ತಾರೆ. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಬಿ.ಪಿ. ಒಂದರ ಹಿಂದೆ ಒಂದು ಬರುತ್ತವೆ.

ಹೀಗಾಗಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಈಗ ನಮ್ಮ ಊರುಗಳಲ್ಲೂ ಸಿಗುತ್ತಾರೆ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಮಾಡಿಸಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಪರೇಷನ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಬೇಕು. ಆಪರೇಷನ್ ಆಗಿ ಬಸ್ಸಿನಿಂದ ಊರಿಗೆ ಇಳಿದ ಮೇಲೆ ಏನು ಎಂಬುದು ನಮ್ಮ ಇಂದಿನ ಪಾಠ. ಏಕೆಂದರೆ ಆಪರೇಷನ್ ಎರಡು ತಾಸಿನ ಕೆಲಸ. ಅದರ ನಂತರದ್ದು ಜೀವಮಾನದ ಕೆಲಸ.

1. ಈ ಆಪರೇಷನ್ ಎಂದರೇನು?

ಇದಕ್ಕೆ ವೈದ್ಯರು ಬೇರಿಯಾಟ್ರಿಕ್ ಸರ್ಜರಿ ಅನ್ನುತ್ತಾರೆ. ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕೊಳವೆಯಷ್ಟೇ ಉಳಿಸುತ್ತಾರೆ. ಹಸಿವನ್ನು ಎಬ್ಬಿಸುವ ರಸ ಹೆಚ್ಚಾಗಿ ಹುಟ್ಟುವ ಭಾಗವೂ ಅದರೊಡನೆ ಹೋಗುವುದರಿಂದ ಹಸಿವು ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಎರಡು ದೊಡ್ಡ ಚಮಚ ಹಿಡಿಯುವಷ್ಟು ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿನ್ನುವುದೂ ಕಡಿಮೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆ.

ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ 21ನೇ ವಯಸ್ಸಿಗೇ ತೀರಿಕೊಂಡರು. ಆ ಸುದ್ದಿ ಕೇಳಿ ಎರಡನ್ನೂ ಒಂದೇ ಎಂದು ತಿಳಿದವರು ಬಹಳ. ಲೈಪೋಸಕ್ಷನ್ ಅಂದಕ್ಕಾಗಿ ಮಾಡುವಂಥದ್ದು, ಅದರಿಂದ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲ. ಬೇರಿಯಾಟ್ರಿಕ್ ಸರ್ಜರಿ ಕಾಯಿಲೆಗಾಗಿ ಮಾಡುವಂಥದ್ದು. ಆದರೆ ಎರಡೂ ಆಪರೇಷನ್‌ಗಳೇ, ಎರಡರಲ್ಲೂ ಅಪಾಯ ಇದೆ. ಆದ್ದರಿಂದ ಐ.ಸಿ.ಯು. ಇರುವ ಆಸ್ಪತ್ರೆ, ಅನುಭವ ಇರುವ ವೈದ್ಯರು ಬೇಕೇ ಬೇಕು.

ಯಾರಿಗೆ ಮಾಡುತ್ತಾರೆ? ತೂಕವನ್ನು ಕಿಲೋದಲ್ಲಿ ಬರೆದು, ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. ಒಂದೂವರೆ ಮೀಟರ್ ಎತ್ತರದ ತಾಯಿ 90 ಕಿಲೋ ಇದ್ದರೆ ಅವರ ಬಿ.ಎಂ.ಐ. 40. ಆರೋಗ್ಯ ವಿಮೆಗೆ 2019ರಲ್ಲಿ ವಿಮಾ ಪ್ರಾಧಿಕಾರ ಹಾಕಿದ ಗೆರೆಯೂ ಇದೇ: 40 ಅಥವಾ ಹೆಚ್ಚು, ಇಲ್ಲವೆ 35ರ ಜೊತೆಗೆ ಗಂಭೀರ ಕಾಯಿಲೆ, ಬೇರೆ ಉಪಾಯ ಮಾಡಿ ಸೋತಿರಬೇಕು. ಸರ್ಕಾರಿ ಆರೋಗ್ಯ ಕಾರ್ಡ್ ಇದ್ದವರು ಹಣ ಕಟ್ಟುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿರಿ.

2. ಮೊದಲ ಆರು ವಾರ

ಒಳಗಿನ ಹೊಲಿಗೆ ಹಸಿಯಾಗಿರುತ್ತದೆ. ಆದ್ದರಿಂದ ಊಟ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ನಿಮ್ಮ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯೇ ಕೊನೆಯ ಮಾತು. ಸಾಮಾನ್ಯವಾಗಿ ಹೀಗಿರುತ್ತದೆ:

• ಮೊದಲ ಒಂದೆರಡು ದಿನ: ನೀರು, ಸೋಸಿದ ಬೇಳೆ ಕಟ್ಟು, ಖಾರವಿಲ್ಲದ ತಿಳಿಸಾರು. ಗುಟುಕು ಗುಟುಕಾಗಿ.
• ಎರಡು ವಾರದವರೆಗೆ: ಹಾಲು, ಮಜ್ಜಿಗೆ, ತೆಳ್ಳನೆ ಅಂಬಲಿ.
• ಮೂರು, ನಾಲ್ಕನೇ ವಾರ: ನುಣ್ಣಗೆ ಅರೆದ ಬೇಳೆ, ಮೊಸರು, ಕಿವುಚಿದ ತರಕಾರಿ.
• ಐದು, ಆರನೇ ವಾರ: ಮೆತ್ತನೆಯ ಅನ್ನ, ಬೇಯಿಸಿದ ಮೊಟ್ಟೆ, ಪನೀರು, ಮುಳ್ಳು ತೆಗೆದ ಮೀನು.
• ಆಮೇಲೆ ನಿಧಾನವಾಗಿ ಮನೆಯ ಊಟ. ರೊಟ್ಟಿ ಕೊನೆಗೆ ಬರಲಿ. ಕಟಿ ರೊಟ್ಟಿ ಬೇಡ, ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಬೇಕು.

ಮರುದಿನದಿಂದಲೇ ನಡೆದಾಡಬೇಕು. ಮಲಗಿಯೇ ಇದ್ದರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ದೂರದ ಪ್ರಯಾಣದಲ್ಲಿ ನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಿರಿ. ಆದರೆ ಭಾರ ಎತ್ತುವುದು ಬೇಡವೇ ಬೇಡ. ತುಂಬಿದ ನೀರಿನ ಕೊಡ ಹತ್ತು ಕಿಲೋ ದಾಟುತ್ತದೆ. ಕೊಡ, ಮೇವಿನ ಹೊರೆ, ಸಿಲಿಂಡರ್ ಇವನ್ನು ಆರು ವಾರ ಮನೆಯ ಗಂಡಸರು ಎತ್ತಲಿ. ಎತ್ತಿದರೆ ಅವರ ಮಾನ ಹೋಗುವುದಿಲ್ಲ.

3. ಮುಂದಿನ ಊಟದ ಅಡ್ಡಾಡಿಕೆ

ಒಂದು: ಮೊದಲು ಪ್ರೋಟೀನ್, ನಂತರ ತರಕಾರಿ, ಕೊನೆಗೆ ಅನ್ನ ಅಥವಾ ರೊಟ್ಟಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಗ್ಲಾಸ್ ಹಾಲಿನಲ್ಲಿ 6 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 7 ಗ್ರಾಂ, ಒಂದು ಮುಷ್ಟಿ ಶೇಂಗಾದಲ್ಲಿ 7 ಗ್ರಾಂ ಸಿಗುತ್ತದೆ. ಮಡಕಿಕಾಳು, ಹೆಸರು, ಝುಣಕ, ಸೋಯಾ ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುವವು. ಮೊದಲ ತಿಂಗಳುಗಳಲ್ಲಿ ಇಷ್ಟು ತಿನ್ನಲಾಗದವರಿಗೆ ವೈದ್ಯರು ಪ್ರೋಟೀನ್ ಪುಡಿ ಬರೆದುಕೊಡುತ್ತಾರೆ.

ಎರಡು: ತುತ್ತು ಸಣ್ಣದು. ಒಂದೊಂದನ್ನೂ ಇಪ್ಪತ್ತು ಸಲ ಅಗಿಯಬೇಕು. ಊಟಕ್ಕೆ ಅರ್ಧ ತಾಸು ಹಿಡಿಯಲಿ. ಹೊಟ್ಟೆ ಬಿಗಿದಂತಾದರೆ ಅಲ್ಲಿಗೆ ನಿಲ್ಲಿಸಿರಿ. ಒಂದೇ ತುತ್ತು ಹೆಚ್ಚಾದರೂ ವಾಂತಿಯಾಗುತ್ತದೆ.

ಮೂರು: ಊಟದ ನಡುವೆ ನೀರು ಬೇಡ. ಊಟವಾಗಿ ಅರ್ಧ ತಾಸು ಬಿಟ್ಟು ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರ್‌ಗೆ ಕಡಿಮೆ ಆಗಬಾರದು. ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು ಬೇಕು.

ನಾಲ್ಕು: ಕಬ್ಬಿನ ಹಾಲು, ಬೆಲ್ಲದ ಚಹಾ, ಹೋಳಿಗೆ, ಕರದಂಟು ಇವುಗಳ ಬಗ್ಗೆ ಎಚ್ಚರ. ಸಿಹಿ ಒಮ್ಮೆಲೆ ಕರುಳಿಗೆ ಇಳಿದರೆ ಹತ್ತು ಇಪ್ಪತ್ತು ನಿಮಿಷದಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತವೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ಹೆಚ್ಚು. ಕೆಲವರಿಗೆ ಒಂದರಿಂದ ಮೂರು ತಾಸಿನ ನಂತರ ರಕ್ತದ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ಇದನ್ನು ದೃಷ್ಟಿ ತಾಗಿತು ಎಂದು ಇಳಿ ತೆಗೆಯುತ್ತಾ ಕೂಡಬೇಡಿರಿ.

ಐದು: ತಂಬಾಕು ಬಿಡಲೇಬೇಕು. ನಿಪ್ಪಾಣಿಯ ತಂಬಾಕಿಗೆ ಹೆಸರಾದ ಸೀಮೆ ನಮ್ಮದು. ಗುಟಖಾ, ಬೀಡಿಯಷ್ಟೇ ಅಲ್ಲ, ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಸ್ರಿಯೂ ತಂಬಾಕೇ. ಅದು ಒಳಗಿನ ಜೋಡಣೆಯಲ್ಲಿ ಹುಣ್ಣು ಮಾಡುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳೂ ಹಾಗೆಯೇ. ಸಾರಾಯಿ ಈ ಹೊಟ್ಟೆಯಲ್ಲಿ ಬೇಗ ಏರುತ್ತದೆ, ಚಟವೂ ಬೇಗ ಹತ್ತುತ್ತದೆ.

ಉಪವಾಸದ ಬಗ್ಗೆ ಒಂದು ಮಾತು. ಶ್ರಾವಣ ಸೋಮವಾರ, ರೋಜಾ, ತಪಸ್ಸುಕಾಲ ಯಾವುದೇ ಇರಲಿ, ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ನಮ್ಮ ಧರ್ಮಸಭೆಯೂ ಇಸ್ಲಾಮೂ ರೋಗಿಗಳಿಗೆ ವಿನಾಯಿತಿ ಕೊಟ್ಟಿವೆ. ದೇವರು ನಮ್ಮಿಂದ ವಾಂತಿ ತಲೆಸುತ್ತನ್ನು ಕೇಳುವುದಿಲ್ಲ.

4. ಗುಳಿಗೆ ಬಿಟ್ಟರೆ ಏನಾಗುತ್ತದೆ?

ನಾವು ಬಲ್ಲ ಒಬ್ಬ ತಾಯಿಯ ಸಂಗತಿ ಹೇಳುತ್ತೇವೆ. ಆಪರೇಷನ್ ಆಗಿ ವರ್ಷದಲ್ಲಿ ತೂಕ ಚೆನ್ನಾಗಿ ಇಳಿಯಿತು, ಸಕ್ಕರೆ ಗುಳಿಗೆಯನ್ನು ವೈದ್ಯರೇ ನಿಲ್ಲಿಸಿದರು. ಮೊಣಕಾಲು ಹಗುರಾಗಿ ಸಂತೆಗೆ ನಡೆದೇ ಹೋಗುತ್ತಿದ್ದರು. "ಎಲ್ಲಾ ಆರಾಮ ಆಗೈತ್ರಿ, ಇನ್ಯಾಕ ಗುಳಿಗಿ?" ಎಂದು ವಿಟಮಿನ್ ಗುಳಿಗೆಗಳನ್ನೂ ಬಿಟ್ಟರು. ಮಗನ ಕಾಲೇಜು ಫೀಜಿಗೆ ಆ ಹಣ ಆದೀತು ಎಂಬ ಲೆಕ್ಕ. ಕೆಲವು ತಿಂಗಳಲ್ಲಿ ಪಾದ ಜುಮುಜುಮು ಎನ್ನತೊಡಗಿತು. ಒಂದು ದಿನ ನಡೆಯುವಾಗ ಕಾಲಿನ ಚಪ್ಪಲಿ ಹಿಂದೆ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ! ಮೊಮ್ಮಗಳು ಎತ್ತಿಕೊಂಡು ಬಂದಳು. ರಕ್ತ ಪರೀಕ್ಷೆಯಲ್ಲಿ ಬಿ-12 ತಳ ಕಂಡಿತ್ತು. ಇಂಜೆಕ್ಷನ್‌ಗಳಿಂದ ಬಹಳಷ್ಟು ಸುಧಾರಿಸಿದರು. ಆದರೆ ಬೆರಳ ತುದಿಯ ಜೋಮು ಹಾಗೇ ಉಳಿದಿದೆ.

ಇದು ಅವರೊಬ್ಬರ ಕಥೆಯಲ್ಲ. ಚಿಕ್ಕದಾದ ಹೊಟ್ಟೆ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನು ಊಟದಿಂದ ಸಾಕಷ್ಟು ತೆಗೆದುಕೊಳ್ಳಲಾರದು. ಆದ್ದರಿಂದ ಗುಳಿಗೆ ಜೀವನಪೂರ್ತಿ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ನಡುವೆ ಎರಡು ತಾಸು ಅಂತರ ಇರಲಿ. ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಸಕ್ಕರೆ, ಬಿ.ಪಿ. ಗುಳಿಗೆಗಳನ್ನು ವೈದ್ಯರು ಕಡಿಮೆ ಮಾಡಬೇಕು. ನಾವೇ ಬಿಡಬಾರದು, ಹಳೆಯ ಪ್ರಮಾಣದಲ್ಲೇ ನುಂಗುತ್ತಲೂ ಇರಬಾರದು.

ಸಾಲ ಮಾಡುವ ಮೊದಲು ಆಪರೇಷನ್ ಖರ್ಚಿನ ಜೊತೆ ಗುಳಿಗೆ, ಪರೀಕ್ಷೆಗಳ ಖರ್ಚನ್ನೂ ಬರೆದಿಡಿರಿ. ಬೆಳಗಾವಿಗೆ ತಪಾಸಣೆಗೆ ಹೋಗುವ ಹೆಣ್ಣುಮಕ್ಕಳಿಗೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚಾದರೂ ಉಳಿಯುತ್ತದೆ.

5. ಮೈ, ಮನಸ್ಸು, ಮನೆ

ಮೂರರಿಂದ ಆರು ತಿಂಗಳಿನ ನಡುವೆ ಕೂದಲು ಉದುರುತ್ತದೆ. ಪ್ರೋಟೀನ್, ಕಬ್ಬಿಣ ಸರಿ ಇದ್ದರೆ ಮತ್ತೆ ಬರುತ್ತದೆ. ಚರ್ಮ ಜೋತು ಬೀಳುತ್ತದೆ, ಮಡಿಕೆಗಳನ್ನು ಒಣಗಿಸಿ ಇಟ್ಟುಕೊಳ್ಳಬೇಕು. ತೂಕ ಇಳಿದಂತೆ ಬಸಿರು ನಿಲ್ಲುವ ಸಾಧ್ಯತೆ ಹೆಚ್ಚಾಗುತ್ತದೆ. ಆದರೆ ತಾಯಿ ಮಗು ಇಬ್ಬರಿಗೂ ಪೌಷ್ಟಿಕತೆ ಸಾಲದು. ಆದ್ದರಿಂದ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎನ್ನುತ್ತಾರೆ ವೈದ್ಯರು. ಗಂಡ ಹೆಂಡತಿ ಕೂಡಿಯೇ ಹೋಗಿ ಮಾತಾಡಿರಿ.

ಇನ್ನು ಜನರ ಬಾಯಿ. ಮೊದಲು "ಎಷ್ಟ ದಪ್ಪ ಆಗಿಯವ್ವಾ" ಅಂದವರೇ ಈಗ "ಹಿಂಗ್ಯಾಕ ಒಣಗಿದಿ? ಏನ ಬ್ಯಾನಿ ಬಂತ?" ಅನ್ನುತ್ತಾರೆ. ಮದುವೆ ಮನೆಯಲ್ಲಿ "ಇಷ್ಟ ಉಂಡ್ರ ಹೆಂಗ, ಇನ್ನೊಂದು ಹೋಳಿಗಿ ತಗೋ" ಎಂದು ಎಲೆಗೆ ಹಾಕಿಯೇ ಬಿಡುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಅದು ಕಷ್ಟಕ್ಕೆ ಹಚ್ಚುತ್ತದೆ. ಮನೆಯ ಹಿರಿಯರು ಮುಂದೆ ನಿಂತು "ಆಕಿಗೆ ಅಷ್ಟ ಸಾಕು" ಎಂದು ಹೇಳಿದರೆ ಅರ್ಧ ಭಾರ ಇಳಿಯಿತು. ಬೇಜಾರು, ಸಿಟ್ಟು ಬಂದಾಗ ಊಟದಲ್ಲಿ ಸಮಾಧಾನ ಕಂಡವರಿಗೆ ಈಗ ಆ ದಾರಿ ಮುಚ್ಚಿರುತ್ತದೆ. ಕೆಲವರು ಮಂಕಾಗುತ್ತಾರೆ, ಬದುಕು ಬೇಡ ಅನ್ನುವವರೂ ಉಂಟು. ಇದನ್ನು ಸೊಕ್ಕು ಎಂದು ತಿಳಿಯದೆ ಕುಳಿತು ಕೇಳಿರಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡು ವರ್ಷದ ನಂತರ ಸ್ವಲ್ಪ ತೂಕ ಮರಳಿ ಬರುವುದು ಸಹಜ. ಅದಕ್ಕೆ ನಾಚಿ ತಪಾಸಣೆ ತಪ್ಪಿಸಬಾರದು. ದಿನಾ ಅರ್ಧ ತಾಸು ನಡಿಗೆ, ಪ್ರೋಟೀನ್ ಊಟ, ಸಿಹಿಗೆ ಕಡಿವಾಣ ಇವೇ ಔಷಧಿ.

6. ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು

• ಜ್ವರ, ನಿಮಿಷಕ್ಕೆ 120ಕ್ಕೂ ಹೆಚ್ಚು ನಾಡಿ ಬಡಿತ, ಏರುತ್ತಾ ಹೋಗುವ ಹೊಟ್ಟೆ ನೋವು, ಎಡ ಭುಜದ ನೋವು
• ಒಂದು ಕಾಲಿನ ಮೀನಖಂಡದಲ್ಲಿ ಬಾವು ನೋವು, ಉಸಿರು ಕಟ್ಟುವುದು
• ಕಪ್ಪು ಮಲ, ರಕ್ತ ವಾಂತಿ
• ನೀರೂ ನಿಲ್ಲದಂತೆ ವಾಂತಿ. ದಿನಗಟ್ಟಲೆ ವಾಂತಿಯಾದರೆ ಬಿ-1 ವಿಟಮಿನ್ ಬರಿದಾಗಿ ಕಣ್ಣು ಮಂಜಾಗುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಗೊಂದಲವಾಗುತ್ತದೆ. ಗ್ಲುಕೋಸ್ ಬಾಟಲಿ ಹಾಕುವವರಿಗೆ "ತೂಕದ ಆಪರೇಷನ್ ಆಗೈತಿ" ಎಂದು ಮೊದಲೇ ಹೇಳಿರಿ. ಬಿ-1 ಕೊಡದೆ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು.

ಆಪರೇಷನ್ ಕಾಗದದ ಒಂದು ನಕಲು ಪ್ರತಿ ಯಾವಾಗಲೂ ಕೈಚೀಲದಲ್ಲಿ ಇರಲಿ. 108 ವಾಹನದವರಿಗೂ ಅದನ್ನು ತೋರಿಸಿರಿ.

ಸಂಘದಲ್ಲಿ ಚರ್ಚಿಸೋಣ

1. ನಮ್ಮ ಊರಲ್ಲಿ ಈ ಆಪರೇಷನ್ ಆದವರು ಇದ್ದರೆ, ಅವರ ಬೆನ್ನ ಹಿಂದೆ ನಾವು ಏನು ಮಾತಾಡುತ್ತೇವೆ? ಅವರ ಮುಂದೆ ಏನು ಮಾತಾಡಬೇಕು?
2. ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಕ್ಕರೆ, ಬೆಲ್ಲ ಖರ್ಚಾಗುತ್ತದೆ? ಒಂದು ವಾರ ಬರೆದು ತನ್ನಿರಿ.
3. ಒಬ್ಬ ಸದಸ್ಯೆಗೆ ಗುಳಿಗೆಗೆ ಹಣ ಸಾಲದಿದ್ದರೆ ಸಂಘದ ಉಳಿತಾಯದಿಂದ ಹೇಗೆ ನೆರವಾಗಬಹುದು?

ಮುಂದಿನ ಸಭೆಗೆ ಬರುವಾಗ ಮನೆಯಲ್ಲಿ ಗುಳಿಗೆ ನುಂಗುವವರು ಯಾರಾದರೂ ಇದ್ದರೆ, ಯಾವುದನ್ನೂ ನಡುವೆ ಬಿಟ್ಟಿಲ್ಲ ತಾನೇ ಎಂದು ಒಮ್ಮೆ ಕೇಳಿಕೊಂಡು ಬನ್ನಿರಿ.