ಹೊಗೆಸೊಪ್ಪಿನ ನೀರು: ಅಳತೆ ತಿಳಿಯದ ವಿಷ



ಟೊಮೆಟೊ ಗಿಡಕ್ಕೆ ಹೇನು ಬಿದ್ದರೆ ಹೊಗೆಸೊಪ್ಪು ನೆನೆಸಿದ ನೀರು ಸಿಂಪಡಿಸುವುದು ಹಳೆಯ ರೂಢಿ. ಮನೆಯಲ್ಲೇ ಮಾಡಿದ್ದು, ಅಪಾಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಅದರಲ್ಲಿರುವ ನಿಕೋಟಿನ್ ಕಟುವಿಷ. ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಸೊಪ್ಪಿನ ಜಾತಿ, ನೆನೆಸಿದ ಹೊತ್ತು ಬದಲಾದರೆ ಅದರ ಬಲವೂ ಬದಲಾಗುತ್ತದೆ. ಬಣ್ಣ ನೋಡಿ ಹೇಳಲಾಗದು. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ನಮ್ಮ ದೇಶ 1992ರಲ್ಲೇ ನಿಷೇಧಿಸಿತು.

ಯುವಕರನ್ನು ಸೆಳೆಯುವ ಇ-ಸಿಗರೇಟಿನ ದ್ರವದ ಕಥೆಯೂ ಇದೇ. 2009ರಲ್ಲಿ ಅಮೆರಿಕ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆ ಪರೀಕ್ಷಿಸಿದಾಗ, ಒಂದೇ ಚೀಟಿ ಅಂಟಿಸಿದ್ದ ಮೂರು ಕೊಳವೆಗಳು ಪ್ರತಿ ದಮ್ಮಿಗೆ ಬೇರೆ ಬೇರೆ ಪ್ರಮಾಣದ ನಿಕೋಟಿನ್ ಕೊಟ್ಟವು. 'ನಿಕೋಟಿನ್ ಇಲ್ಲ' ಎಂದಿದ್ದವುಗಳಲ್ಲೂ ಅದು ಸಿಕ್ಕಿತು. 2019ರಿಂದ ಭಾರತದಲ್ಲಿ ಇವುಗಳ ಮಾರಾಟ ಅಪರಾಧ. ಕದ್ದು ಮಾರುವ ಸರಕಿನ ಚೀಟಿಯನ್ನು ನಂಬುವುದು ಹೇಗೆ?

ನಾವು ನೆನಪಿಡಬೇಕಾದದ್ದು:

1. ಹೇನಿಗೆ ಬೇವು ಸಾಕು. 5 ಕಿಲೋ ಬೇವಿನ ಬೀಜದ ತಿರುಳು ಪುಡಿಮಾಡಿ, ರಾತ್ರಿಯಿಡೀ ನೆನೆಸಿ ಸೋಸಿ, 100 ಲೀಟರ್ ನೀರಿಗೆ ಬೆರೆಸಿ, ಸ್ವಲ್ಪ ಸಾಬೂನು ಸೇರಿಸಿ ಸಿಂಪಡಿಸೋಣ.

2. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಟೊಮೆಟೊ ಸಸಿ ಮುಟ್ಟಬಾರದು. ಮೊಸಾಯಿಕ್ ರೋಗ ಹರಡಬಹುದು. ಸಾಬೂನಿನಿಂದ ಕೈ ತೊಳೆಯೋಣ.

3. ಹೊಗೆಸೊಪ್ಪಿನ ನೀರಾಗಲಿ, ಇ-ಸಿಗರೇಟಿನ ದ್ರವವಾಗಲಿ ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ, ಸಾಬೂನು ಹಚ್ಚಿ ತೊಳೆಯಬೇಕು. ವಾಂತಿ, ತಲೆಸುತ್ತು, ಬೆವರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಗು ಒಂದು ಗುಟುಕು ಕುಡಿದಿದ್ದರೂ ಕಾಯಬಾರದು. ಸೀಸೆಯನ್ನೂ ಜೊತೆಗೆ ಒಯ್ಯಿರಿ.