ಲ್ಯಾಟಿನ್ ಭಾಷೆಯ ಮೊದಲ ಪಾಠ

ಹಳೆಯ ರೋಮಿನಲ್ಲಿ ಗುರುಶಿಷ್ಯರು ಮಾತನಾಡುತ್ತಿರುವರೆಂದು ಭಾವಿಸೋಣ.

ಶಿಷ್ಯ: ಸಲ್ವೇ, ಮಗಿಸ್ತೆರ್! (ನಮಸ್ಕಾರ, ಗುರುಗಳೇ!)
ಗುರು: ಸಲ್ವೇ! ಉಬಿ ಎಸ್ತ್ ಮಾತೆರ್? (ತಾಯಿ ಎಲ್ಲಿದ್ದಾಳೆ?)
ಶಿಷ್ಯ: ಮಾತೆರ್ ದೊಮೀ ಎಸ್ತ್. (ತಾಯಿ ಮನೆಯಲ್ಲಿದ್ದಾಳೆ.)
ಗುರು: ಕ್ವೊತ್ ಫ್ರಾತ್ರೇಸ್ ಹಬೇಸ್? (ನಿನಗೆ ಸೋದರರೆಷ್ಟು ಮಂದಿ?)
ಶಿಷ್ಯ: ತ್ರೇಸ್. (ಮೂವರು.)

ಮಾತೆರ್, ಫ್ರಾತ್ರೇಸ್, ಎಸ್ತ್, ತ್ರೇಸ್ ಎಂಬಲ್ಲಿ ಸಂಸ್ಕೃತದ ಮಾತೃ, ಭ್ರಾತೃ, ಅಸ್ತಿ, ತ್ರಿ ನಮಗೆ ಕೇಳಿಸುತ್ತವಲ್ಲವೆ? ಈ ಎರಡು ಭಾಷೆಗಳ ಮೂಲ ಒಂದೇ ಇರಬೇಕೆಂದು ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆದರೆ ನಮ್ಮ ತಾಯಿ, ಮನೆ, ಮೂರು ಎಂಬ ಪದಗಳು ದ್ರಾವಿಡ ಕುಟುಂಬದವು. ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬವೆಂದು ಎಲ್ಲಿಸ್ ೧೮೧೬ರಲ್ಲಿ ತೋರಿಸಿದರು. ಮಾತೃ ನಮ್ಮ ನುಡಿಗೆ ಬಂದು ನೆಲೆಸಿದ ನೆಂಟಳು, ತಾಯಿ ಮನೆಯವಳೇ. ಇಬ್ಬರನ್ನೂ ಗುರುತಿಸಬಲ್ಲವರಿಗೆ ಲ್ಯಾಟಿನ್ ಅಪರಿಚಿತವಲ್ಲ. ಮೇಲಿನ ಐದು ಸಾಲುಗಳನ್ನು ಗೆಳೆಯರೊಡನೆ ಗಟ್ಟಿಯಾಗಿ ಓದೋಣ. ಅರ್ಧ ಪಾಠ ಬಾಯಿಗೆ ಬಂದಂತೆಯೇ!