ಫೀಸು 22 ಸಾವಿರ, ಎಂಎ ಹನ್ನೆರಡೂವರೆ ಲಕ್ಷ

ರಾಜ್ಯಶಾಸ್ತ್ರದ ಎಂಎಗೆ ನಾನು ಕಟ್ಟಿದ ಫೀಸು, ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕ ಎಲ್ಲ ಸೇರಿ ಎರಡು ವರ್ಷಕ್ಕೆ 22,000 ರೂಪಾಯಿ. ಆ ಡಿಗ್ರಿಗೆ ನನ್ನ ಜೇಬಿನಿಂದ ಹೋದದ್ದು ಮಾತ್ರ ಹನ್ನೆರಡೂವರೆ ಲಕ್ಷದ ಮೇಲೆ. ಈ ಎರಡನೇ ಅಂಕಿಯನ್ನು ಯಾವ ಪ್ರಾಸ್ಪೆಕ್ಟಸ್ಸೂ ಅಚ್ಚು ಹಾಕುವುದಿಲ್ಲ, ಹಾಕಬೇಕಾದ ಹೊಣೆಯೂ ಅದಕ್ಕಿಲ್ಲ. ಪದವಿ ಫಲಿತಾಂಶ ಬರುತ್ತಿದ್ದಂತೆ ನನ್ನ ಹತ್ತಿರ ವಿಚಾರಿಸಲು ಬರುವ ಹುಡುಗರೂ ಅವರ ಅಪ್ಪಂದಿರೂ ಕೇಳುವುದು ಒಂದೇ ಪ್ರಶ್ನೆ: "ಫೀಸ್ ಎಷ್ಟಾಗುತ್ತೆ ಮೇಷ್ಟ್ರೇ?" ಅದಕ್ಕೆ ಉತ್ತರ ಸುಲಭ. ಅವರು ಕೇಳದ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಬಿಎಯಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿ, ಮೇಲೆ ಟ್ಯಾಲಿ ಕಲಿತು, 2012ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗ ಸೇರಿದ್ದೆ. 2016ರ ಜುಲೈನಲ್ಲಿ ಅದನ್ನು ಬಿಟ್ಟು ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರದ ಎಂಎಗೆ ಸೇರಿದೆ. ಬಿಡುವ ಹೊತ್ತಿಗೆ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 26,000. ಮರುವರ್ಷ ಅದೇ ಕುರ್ಚಿಗೆ 28,000 ಆಯಿತು. ಇದು ಅಂದಾಜಲ್ಲ, ಪಕ್ಕದ ಮೇಜಿನ ಗೆಳೆಯ ಅಲ್ಲೇ ಉಳಿದ, ನಾನು ಕೇಳಿದಾಗಲೆಲ್ಲ ಸಂಬಳದ ಚೀಟಿ ತೋರಿಸಿದ. ಎರಡು ವರ್ಷಕ್ಕೆ 3,12,000 ಮತ್ತು 3,36,000, ಒಟ್ಟು 6,48,000. ಇದರ ಜೊತೆಗೆ ಪಿಎಫ್. ನನ್ನ ಪಾಲು 1,800, ಕಂಪನಿಯ 1,800ರಲ್ಲಿ 1,250 ಪಿಂಚಣಿ ಯೋಜನೆಗೆ (ಇಪಿಎಸ್) ಹೋಗಿ ಉಳಿಯುವುದು 550. ತಿಂಗಳಿಗೆ 2,350ರಂತೆ 24 ತಿಂಗಳಿಗೆ 56,400. ಫೀಸಿನ 22,000 ಕೂಡಿಸಿದರೆ 7,26,400.

ಇಷ್ಟಕ್ಕೇ ನಿಲ್ಲಿಸಿ ಹೆದರಿಸುವವರಿದ್ದಾರೆ. ಮೇಲಿಂದ ಮೈಸೂರಿನ ರೂಮು, ಮೆಸ್ಸಿನ ಖರ್ಚನ್ನೂ ಸೇರಿಸುತ್ತಾರೆ. ಅದು ತಪ್ಪು ಲೆಕ್ಕ. ಬೆಂಗಳೂರಿನಲ್ಲಿದ್ದಿದ್ದರೆ ನಾನೇನು ಉಪವಾಸ ಇರುತ್ತಿದ್ದೆನೇ? ಅಲ್ಲಿ ಪಿಜಿ, ಊಟ, ಬಸ್ ಪಾಸ್ ಎಲ್ಲ ಸೇರಿ 13,000 ಆಗುತ್ತಿತ್ತು. ಮೈಸೂರಿನಲ್ಲಿ ಜೆರಾಕ್ಸ್ ಖರ್ಚನ್ನೂ ಹಿಡಿದು 6,000ದಲ್ಲಿ ಮುಗಿಯಿತು. ತಿಂಗಳಿಗೆ 7,000 ಉಳಿತಾಯ, 24 ತಿಂಗಳಿಗೆ 1,68,000. ಇದನ್ನು ಕಳೆಯಬೇಕು. ಉಳಿದದ್ದು 5,58,400. ಎರಡು ವರ್ಷದ ಓದಿನ ಖರ್ಚು ಇಷ್ಟು.

ಬಹಳ ಜನ ಇಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. ಅಂಕಪಟ್ಟಿ ಕೈಗೆ ಬಂದ ದಿನದಿಂದಲೇ ಸಂಬಳ ಶುರುವಾಗುತ್ತದೆ ಎಂದು ನಂಬಿದವರ ಲೆಕ್ಕ ಅದು. ರಾಜ್ಯಶಾಸ್ತ್ರದಲ್ಲಿ ಹಾಗಾಗುವುದಿಲ್ಲ. ಎಂಎ ಆದ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಅದಾದ ಮೇಲೆ ನೇಮಕಾತಿಗೆ ಕಾಯುವುದು, ಕಾಯುವಾಗ ಹೊಟ್ಟೆಪಾಡಿಗೆ ಅತಿಥಿ ಉಪನ್ಯಾಸಕ. 2018ರಲ್ಲಿ ಊರಿಗೆ ಬಂದು ನೆಟ್‌ಗೆ ಓದುತ್ತಾ ಪಿಯು ಹುಡುಗರಿಗೆ ಸಂಜೆ ಟ್ಯೂಷನ್ ಹೇಳಿದೆ. ಆ ವರ್ಷದ ಗಳಿಕೆ 72,000. ನೆಟ್ ಆಯಿತು, ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿಯಾದೆ. ಆಗ ನೆಟ್ ಆದವರಿಗೆ ಗೌರವಧನ 13,000, ಆಗದವರಿಗೆ 11,000. ಅದೂ ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ. ವರ್ಷಕ್ಕೆ ಹತ್ತು ತಿಂಗಳು ಹಿಡಿಯಿರಿ, 1,30,000. ಕೋವಿಡ್ ವರ್ಷದಲ್ಲೂ ಅಷ್ಟೇ, ಆದರೆ ಹಣ ತಿಂಗಳುಗಟ್ಟಲೆ ತಡವಾಗಿ ಬಂತು. ನಡುವಿನ ತಿಂಗಳುಗಳಲ್ಲಿ ಕೈಗಡಕ್ಕೆ ಓಡಾಡಿದ್ದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಮೂರು ವರ್ಷಕ್ಕೆ ನನ್ನ ಗಳಿಕೆ 3,32,000. ಹಳೇ ಕುರ್ಚಿಯ ಸಂಬಳ ಅದೇ ಮೂರು ವರ್ಷಗಳಲ್ಲಿ 30,000, 32,500, 35,000 ಎಂದು ಏರಿ ಒಟ್ಟು 11,70,000 ಆಗಿತ್ತು. ಅಂತರ 8,38,000. 36 ತಿಂಗಳ ಪಿಎಫ್ 84,600 ಕೂಡಿಸಿ. ಊರಿನಲ್ಲಿದ್ದುದರಿಂದ ತಿಂಗಳಿಗೆ 6,000 ಕಡಿಮೆ ಖರ್ಚಾಯಿತು, ಆ 2,16,000 ಕಳೆಯಿರಿ. 7,06,600. ಓದಿಗೆ 5,58,400, ಓದು ಮುಗಿದ ಮೇಲಿನ ಕಾಯುವಿಕೆಗೆ 7,06,600. ಒಟ್ಟು 12,65,000. ಫೀಸು ಇದರಲ್ಲಿ ನೂರಕ್ಕೆ ಎರಡು ರೂಪಾಯಿಯೂ ಆಗಲಿಲ್ಲ. ಎಂಎಗಿಂತ ಎಂಎ ನಂತರದ ದಿನಗಳೇ ದುಬಾರಿ ಎಂಬುದನ್ನು ನಾನು ಯಾರಿಗಾದರೂ ಹೇಳುವುದಿದ್ದರೆ ಈ ಎರಡು ಅಂಕಿ ತೋರಿಸಿಯೇ ಹೇಳುತ್ತೇನೆ.

2021ರ ಜೂನ್‌ಗೆ ಲೆಕ್ಕ ನಿಲ್ಲಿಸಿದ್ದಕ್ಕೆ ಕಾರಣವಿದೆ. ಅತಿಥಿ ಉಪನ್ಯಾಸಕರ ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಯುಜಿಸಿ ಅರ್ಹತೆಯಿದ್ದು ಐದು ವರ್ಷ ದಾಟಿದವರಿಗೆ 32,000, ದಾಟದವರಿಗೆ 30,000. ಅರ್ಹತೆ ಇಲ್ಲದವರಿಗೆ 28,000 ಮತ್ತು 26,000. ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಕೆಲವರ ಗೌರವಧನ ಏರಿದ ಹಾಗೆಯೇ ಕೆಲವರ ಜಾಗ ಹೋಯಿತು. 2024ರಲ್ಲಿ ಸೇವಾವಧಿ ನೋಡಿ ಇನ್ನೂ 5,000ದಿಂದ 8,000 ಸೇರಿತು. ಹಾಗಾಗಿ ಈಗ ಎಂಎ ಮುಗಿಸಿ ಸರ್ಕಾರಿ ಪದವಿ ಕಾಲೇಜಿಗೆ ಅತಿಥಿಯಾಗಿ ಬರುವವರ ಅಂತರ ನನ್ನದಷ್ಟು ದೊಡ್ಡದಿರುವುದಿಲ್ಲ. ಆದರೆ ಕಾಯಂ ಹುದ್ದೆಯ ಕಥೆ ಬೇರೆ. ಸರ್ಕಾರಿ ಪದವಿ ಕಾಲೇಜುಗಳಿಗೆ ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗೆ ಅಧಿಸೂಚನೆ ಬಂದದ್ದು 2021ರಲ್ಲಿ, ಕೆಇಎ ಪರೀಕ್ಷೆ ನಡೆಸಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟೂ ಹುದ್ದೆ ರಾಜ್ಯಶಾಸ್ತ್ರಕ್ಕೆ ಬಂದದ್ದಲ್ಲ, ಎಲ್ಲ ವಿಷಯಗಳೂ ಹಂಚಿಕೊಂಡದ್ದು. ಅದರಲ್ಲಿ ನಮ್ಮ ಪಾಲೆಷ್ಟು, ನಿಮ್ಮ ರೋಸ್ಟರಿಗೆ ಎಷ್ಟು ಎಂದು ನೋಡಿಕೊಂಡರೆ ಉಸಿರು ಸಣ್ಣದಾಗುತ್ತದೆ.

ಕೆಲಸ ಬಿಡುವಾಗ ಪಿಎಫ್, ಪಿಂಚಣಿ ಹಣ ತೆಗೆಯಲು ಫಾರಂ 19, ಫಾರಂ 10ಸಿ ಎರಡನ್ನೂ ಒಟ್ಟಿಗೆ ತುಂಬಿ, ರದ್ದು ಮಾಡಿದ ಚೆಕ್ಕಿನ ಹಾಳೆ ಪಿನ್ ಮಾಡಿ ಕೊಟ್ಟಿದ್ದೆ. ಪಿಎಫ್ ಬಂದದ್ದು 88,000. ಮುಟ್ಟದೆ ಬಿಟ್ಟಿದ್ದರೆ ಆಯಾ ವರ್ಷದ ಬಡ್ಡಿ ಸೇರಿ 2025ರ ಮಾರ್ಚ್‌ಗೆ 1,78,000 ಆಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಬರುವ ಬಡ್ಡಿಗೆ ತೆರಿಗೆ ಇದೆ, ನಿಜ. ಆದರೂ ಆ ಮೊತ್ತ ಸಣ್ಣದಲ್ಲ. ಸೇವೆಗೆ ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆಗೆದದ್ದಕ್ಕೇ ತೆರಿಗೆ ಬೀಳುತ್ತದೆ. 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಪಿಂಚಣಿಯ ಸೇವಾವಧಿ ಉಳಿಯುತ್ತದೆ. ಕೆಲಸ ಬಿಟ್ಟು ಎಂಎ ಸೇರುವವರು ಮೊದಲು ಗಮನಿಸಬೇಕಾದ್ದು ಇದನ್ನು. ಕೈಯಲ್ಲಿ ಆರು ತಿಂಗಳ ಖರ್ಚಿಗಾಗುವಷ್ಟು ಎಫ್‌ಡಿ ಇಟ್ಟುಕೊಂಡು ಬಿಡಿ, ಪಿಎಫ್ ತಂಟೆಗೆ ಹೋಗಬೇಡಿ.

ಈ ಅಂಕಣ ಬರೆಯುವಂತೆ ಮಾಡಿದ್ದು ಒಂದು ಬ್ರೋಷರ್. ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹೊಳೆಯುವ ಕಾಗದ, ಮುಖಪುಟದಲ್ಲಿ ಅಶೋಕ ಸ್ತಂಭದ ನೆರಳು, ಒಳಗೆ "ಎಂಎ ರಾಜ್ಯಶಾಸ್ತ್ರ ಜೊತೆಗೆ ಐಎಎಸ್ ತರಬೇತಿ". ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ 6 ಲಕ್ಷ. ಕೊನೆಯ ಪುಟದ ತಳದಲ್ಲಿ, ಕನ್ನಡಕ ತೆಗೆದು ಹತ್ತಿರ ಹಿಡಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಕಟ್ಟಿದ ತರಬೇತಿ ಶುಲ್ಕ ವಾಪಸಿಲ್ಲ ಎಂದಿತ್ತು.

"ಬ್ಯಾಂಕಿನವರು ಲೋನಿಗೆ ಒಪ್ಪಿದಾರೆ ಮೇಷ್ಟ್ರೇ. ಜಾಮೀನೂ ಬೇಡವಂತೆ. ಬಡ್ಡಿಗೆ ಟ್ಯಾಕ್ಸ್ ಉಳಿಯುತ್ತಂತೆ."

"ಯಾರ ಟ್ಯಾಕ್ಸು ಯಜಮಾನ್ರೇ?"

ಅವರು ಮಗಳ ಮುಖ ನೋಡಿದರು.

ಶೈಕ್ಷಣಿಕ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವಾಗ, ಎಂಎ ಮುಗಿಸಿ ವರ್ಷಕ್ಕೆ ಮೂರು ನಾಲ್ಕು ಲಕ್ಷ ದುಡಿಯುವ ಹುಡುಗಿ ಉಳಿಸಬೇಕಾದ ತೆರಿಗೆಯಾದರೂ ಯಾವುದು? ಇಲ್ಲದ ತೆರಿಗೆಯನ್ನು ಉಳಿಸಿಕೊಡುತ್ತೇನೆ ಎನ್ನುವವರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬಡ್ಡಿ ಸಹಾಯಧನದ ಮಾತೂ ಅಷ್ಟೇ. ನಾಲ್ಕೂವರೆ ಲಕ್ಷದೊಳಗಿನ ಕುಟುಂಬಗಳಿಗೆ ಕೇಂದ್ರ ಕೊಡುವ ಪೂರ್ಣ ಬಡ್ಡಿ ಸಹಾಯಧನ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ಸಾದಾ ಎಂಎಗೆ ಅದು ಬರುವುದಿಲ್ಲ. 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಶೇ 3ರ ಬಡ್ಡಿ ರಿಯಾಯಿತಿಗೆ ವಿಶ್ವವಿದ್ಯಾಲಯ ಆ ಯೋಜನೆಯ ಪಟ್ಟಿಯಲ್ಲಿರಬೇಕು, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಪಟ್ಟಿಯಲ್ಲಿದೆಯೇ ಎಂದು ಕೇಳಿದ್ದಕ್ಕೆ ಬ್ರೋಷರಿನಲ್ಲಿ ಕೊಟ್ಟಿದ್ದ ಮೊಬೈಲ್ ನಂಬರಿನವರು "ಚೆಕ್ ಮಾಡಿ ಹೇಳ್ತೀವಿ ಸರ್" ಎಂದರು. ಇನ್ನೂ ಚೆಕ್ ಮಾಡುತ್ತಲೇ ಇದ್ದಾರೆ.

ವರ್ಷಕ್ಕೆ 3 ಲಕ್ಷದಂತೆ ಎರಡು ಕಂತಿನಲ್ಲಿ ಸಾಲ, ಬಡ್ಡಿ ಶೇ 11, ಓದು ಮುಗಿದು ಒಂದು ವರ್ಷದವರೆಗೆ ಮೊರಟೋರಿಯಂ. ಅಷ್ಟರಲ್ಲಿ 1,65,000 ಬಡ್ಡಿ ಸೇರಿ ಅಸಲು 7,65,000 ಆಗಿರುತ್ತದೆ. ಏಳು ವರ್ಷಕ್ಕೆ ಇಎಂಐ ಸುಮಾರು 13,100. ನಾನು ಅತಿಥಿಯಾಗಿ ಸೇರಿದಾಗ ಸಿಗುತ್ತಿದ್ದ ಗೌರವಧನಕ್ಕಿಂತ ನೂರು ರೂಪಾಯಿ ಹೆಚ್ಚು.

ಆ ಪ್ಯಾಕೇಜಿನ ಬುಡವೇ ಟೊಳ್ಳು. ಯುಪಿಎಸ್‌ಸಿ ಬರೆಯಲು ಯಾವುದಾದರೂ ಒಂದು ಪದವಿ ಸಾಕು. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳಲು ಎಂಎ ಬೇಡ, ಎಂಜಿನಿಯರುಗಳೂ ತೆಗೆದುಕೊಳ್ಳುತ್ತಾರೆ. ಮುಖ್ಯ ಪರೀಕ್ಷೆಯ 1,750 ಅಂಕದಲ್ಲಿ ಅದು 250ರ ಎರಡು ಪತ್ರಿಕೆ, 500 ಅಂಕ. ಉಳಿದ 1,250ಕ್ಕೆ ಎಂಎ ತರಗತಿಯಲ್ಲಿ ಕೂತು ಆಗುವುದು ಅಷ್ಟಕ್ಕಷ್ಟೇ. ಐಎಎಸ್ ಬೇಕೆಂದರೆ ಐಎಎಸ್‌ಗೆ ಓದಲಿ, ಪಾಠ ಹೇಳಬೇಕೆಂದರೆ ಎಂಎ ಓದಲಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಸಾಲದ ಮೇಲೆ ಮಾರುವವರಿಗೆ ಎರಡೂ ಮುಖ್ಯವಲ್ಲ.

ಹಾಗಾದರೆ ಬೇರೆ ದಾರಿ? ಕೆಲಸದಲ್ಲಿರುವವರಿಗೆ ಇಗ್ನೋ ಇದೆ, ಮೈಸೂರಿನ ಮುಕ್ತ ವಿವಿ ಇದೆ. ಮುಕ್ತ ವಿವಿಗೆ ಯುಜಿಸಿ ಮಾನ್ಯತೆ 2015ರಲ್ಲಿ ಹೋಗಿ 2018ರಲ್ಲಿ ಮರಳಿದ್ದು ನೆನಪಿರಲಿ. ಸೇರುವ ವರ್ಷದ ಮಾನ್ಯತಾ ಪಟ್ಟಿ ನೋಡಿಯೇ ಹಣ ಕಟ್ಟಿ. ಸಂಬಳ ನಿಲ್ಲದೆ ಎಂಎ ಆಗುತ್ತದೆ, ನೆಟ್‌ಗೂ ನಡೆಯುತ್ತದೆ. ಅಂಕ ಮಾತ್ರ ಶೇ 55 ದಾಟಬೇಕು, ಮೀಸಲಾತಿಯವರಿಗೆ 50. ಕೆಲಸ ಇಲ್ಲದವರಿಗೆ, ಆಗಷ್ಟೇ ಬಿಎ ಮುಗಿಸಿದವರಿಗೆ, ಸರ್ಕಾರಿ ವಿಶ್ವವಿದ್ಯಾಲಯದ ಎಂಎಯಷ್ಟು ಅಗ್ಗದ ಓದು ಇನ್ನೊಂದಿಲ್ಲ. ಬಿಡಬೇಕಾದ ಸಂಬಳವೇ ಇಲ್ಲವಲ್ಲ. ಅವರ ಲೆಕ್ಕ ಸರಿಹೋಗುವ ಜಾಗವೊಂದಿದೆ, ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್. 2023ರಿಂದ ತಿಂಗಳಿಗೆ 37,000, ಮೇಲೆ ಎಚ್‌ಆರ್‌ಎ, ಎರಡು ವರ್ಷದ ನಂತರ 42,000. ಸಡಿಲಿಕೆ ಇಲ್ಲದವರಿಗೆ ಮೂವತ್ತರ ವಯೋಮಿತಿ ಇರುವುದರಿಂದ ಎಂಎಯ ಮೊದಲ ಸೆಮಿಸ್ಟರಿನಿಂದಲೇ ಅದಕ್ಕೆ ಓದಬೇಕು. ಬರೀ ನೆಟ್ ಸಾಕು ಎಂದು ಕೂತರೆ ಅರ್ಹತೆ ಸಿಗುತ್ತದೆ, ಹಣ ಸಿಗುವುದಿಲ್ಲ.

ಪ್ಲೇಟೋ, ಹಾಬ್ಸ್, ಅಂಬೇಡ್ಕರ್ ಓದಿದ್ದಕ್ಕೆ ಬೆಲೆ ಕಟ್ಟುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಟ್ಟುವುದಿಲ್ಲ, ಅದು ಈ ಅಂಕಣದ ಕೆಲಸವಲ್ಲ.

ಹಣಕ್ಕಿಂತ ನನಗೆ ಹೆಚ್ಚು ಕಾಣುವುದು ನಮ್ಮ ಕಾಯುವ ಚಾಳಿ. ಬೆಂಗಳೂರಿನ ವಿಜಯನಗರದ, ಧಾರವಾಡದ ಸಪ್ತಾಪುರದ ರೂಮುಗಳಲ್ಲಿ "ಮುಂದಿನ ನೋಟಿಫಿಕೇಷನ್ ಬರಲಿ" ಎನ್ನುತ್ತಾ ಮೂವತ್ತು ದಾಟಿದವರಿದ್ದಾರೆ. ಊರಿಂದ ಅಪ್ಪ ಕಳಿಸುವ ಹಣ ಬ್ಯಾಂಕಿನ ಸಾಲವಲ್ಲದ್ದರಿಂದ ಅದನ್ನು ಯಾರೂ ಸಾಲ ಎಂದುಕೊಳ್ಳುವುದಿಲ್ಲ. ಕಾಯಿರಿ, ಆದರೆ ದುಡಿಯುತ್ತಾ ಕಾಯಿರಿ. ನಾನು ಸಂಜೆ ಹೊತ್ತು ಮೇಷ್ಟ್ರುಗಳ ಐಟಿ ರಿಟರ್ನ್ಸ್ ತುಂಬಿಕೊಡುತ್ತೇನೆ. ಹಳೇ ಟ್ಯಾಲಿ ಇವತ್ತಿಗೂ ಅನ್ನ ಹಾಕುತ್ತಿದೆ. ಅತಿಥಿಗಳಿಗೆ ಪಿಎಫ್ ಇಲ್ಲ, ಹಾಗಾಗಿ ಗೌರವಧನ ಬಂದ ತಿಂಗಳು ಪಿಪಿಎಫ್‌ಗೆ ಎರಡು ಸಾವಿರವಾದರೂ ಹಾಕಿ. ಬಾರದ ತಿಂಗಳು ಬಿಡಿ.

ಗೊಬ್ಬರದ ಅಂಗಡಿಯ ಯಜಮಾನರಿಗೂ, ಅಂಥದೇ ಬ್ರೋಷರ್ ಹಿಡಿದಿರುವ ಉಳಿದವರಿಗೂ ನನ್ನದೊಂದು ಕೋರಿಕೆ. ಶೈಕ್ಷಣಿಕ ಸಾಲದಲ್ಲಿ ನೀವು ಸಹ ಸಾಲಗಾರರು. ಮಗಳಿಗೆ ಕೆಲಸ ಸಿಗದಿದ್ದರೆ ಆ 13,100 ನಿಮ್ಮ ಅಂಗಡಿಯ ಗಲ್ಲಾದಿಂದ ಹೋಗಬೇಕು. ಸರ್ಕಾರಿ ವಿಶ್ವವಿದ್ಯಾಲಯದ ಅರ್ಜಿಯ ಕೊನೇ ದಿನ ಯಾವಾಗ ಎಂದು ನೋಡುವ ಮುನ್ನ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಬೇಡಿ.